ಅರಾಕಿಸ್‌ನ ಭವಿಷ್ಯವಾಣಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಲ್ಪಿತ ಲೋಕಗಳಲ್ಲಿ ಬರುವ ಧರ್ಮ ಮತ್ತು ಭವಿಷ್ಯವಾಣಿಯ ಬಗ್ಗೆ ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಲೇಖಕ ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಕಾದಂಬರಿಯನ್ನೇ ಕುರಿತಿದ್ದುದರಿಂದ ಈ ಬಾರಿಯ ಅಂಕಣವನ್ನು ಬಹುಪಾಲು ಅದಕ್ಕೇ ಮೀಸಲಿಟ್ಟಿದ್ದೇನೆ. ಕಾದಂಬರಿಯನ್ನು ಓದದವರಿಗಾಗಿ ಕಥೆಯ ಎಳೆಯನ್ನಷ್ಟು ಹೇಳುತ್ತೇನೆ. ಅರಾಕಿಸ್ ಎಂಬುದು ಮಳೆಯನ್ನೇ ಕಾಣದ ಮರಳಿನ ಗ್ರಹ. ಆಯುಷ್ಯವನ್ನು ಹೆಚ್ಚಿಸುವ, ನಕ್ಷತ್ರಗಳ ನಡುವಿನ ಪಯಣವನ್ನು ಸಾಧ್ಯವಾಗಿಸುವ ಮೆಲಾಂಜ್ ಎಂಬ ಮಸಾಲೆ ಅಲ್ಲಿ ಮಾತ್ರ ದೊರೆಯುತ್ತದೆ. ಅಲ್ಲಿನ ಮರುಭೂಮಿಯಲ್ಲಿ ಬಾಳುವವರು ಫ್ರೆಮೆನ್ ಜನ. ಚಕ್ರವರ್ತಿಯ ಆಜ್ಞೆಯ ಮೇರೆಗೆ ಆ ಗ್ರಹದ ಆಡಳಿತಕ್ಕೆ ಬಂದ ಅಟ್ರೈಡೀಸ್ ಮನೆತನದ ದೊರೆ ಸಂಚಿಗೆ ಬಲಿಯಾಗುತ್ತಾನೆ. ಅವನ 15 ವರ್ಷದ ಮಗ ಪೌಲ್ ತಾಯಿ ಜೆಸ್ಸಿಕಾಳೊಡನೆ ಮರುಭೂಮಿಗೆ ಓಡಿಹೋಗಿ, ಕೊನೆಗೆ ಫ್ರೆಮೆನ್ನರು ತಲೆಮಾರುಗಳಿಂದ ಕಾಯುತ್ತಿದ್ದ ಮಹ್ದಿ, ಅಂದರೆ ಉದ್ಧಾರಕ, ಎನಿಸಿಕೊಳ್ಳುತ್ತಾನೆ.

ಪ್ರಶ್ನೆ: ಫ್ರೆಮೆನ್ನರ ಭವಿಷ್ಯವಾಣಿಯನ್ನು ಹೊರಗಿನವರು ಯಾರೋ ಬಿತ್ತಿದ್ದು ಎಂದು ಕಾದಂಬರಿಯೇ ಹೇಳುತ್ತದೆ. ಹಾಗಾದರೆ ಅದು ಸುಳ್ಳು ತಾನೆ? ಸುಳ್ಳಾದದ್ದು ನಿಜವಾದದ್ದು ಹೇಗೆ? (ಶಿವಮೊಗ್ಗದ ವಿದ್ಯಾರ್ಥಿನಿ)

ಅದನ್ನು ಬಿತ್ತಿದವರು ಬೆನೆ ಗೆಸೆರಿಟ್ ಎಂಬ ಸ್ತ್ರೀಯರ ಸಂಘದವರು. ಮನಸ್ಸು, ದೇಹ, ಧ್ವನಿಗಳನ್ನು ಅಸಾಧಾರಣವಾಗಿ ಪಳಗಿಸಿಕೊಂಡ ಈ ಹೆಂಗಸರು ರಾಜಮನೆತನಗಳಲ್ಲಿ ಪತ್ನಿಯರಾಗಿ, ಸಲಹೆಗಾರರಾಗಿ ಸೇರಿಕೊಂಡು ಅಧಿಕಾರದ ದಿಕ್ಕನ್ನು ನಿರ್ಧರಿಸುತ್ತಿರುತ್ತಾರೆ. ಈ ಸಂಘಕ್ಕೆ ಮಿಷನೇರಿಯಾ ಪ್ರೊಟೆಕ್ಟಿವಾ ಎಂಬ ಒಂದು ವಿಭಾಗವಿದೆ. ನಾಗರಿಕತೆಯಿಂದ ದೂರವಿರುವ ಗ್ರಹಗಳಿಗೆ ಹೋಗಿ, ಅಲ್ಲಿನ ಜನರ ನಂಬಿಕೆಗಳೊಳಗೆ ಕೆಲವು ಸಿದ್ಧ ಕಥೆಗಳನ್ನೂ ಮಂತ್ರದಂಥ ಮಾತುಗಳನ್ನೂ ಸೇರಿಸಿ ಬರುವುದೇ ಅದರ ಕೆಲಸ. ಮುಂದೆಂದಾದರೂ ತಮ್ಮ ಸಂಘದ ಹೆಣ್ಣೊಬ್ಬಳು ಆ ನೆಲದಲ್ಲಿ ಆಪತ್ತಿಗೆ ಸಿಲುಕಿದರೆ, ಆ ಮಾತುಗಳನ್ನು ಆಡಿ ತೋರಿಸಿ, ಪೂಜ್ಯಳೆನಿಸಿಕೊಂಡು ಪಾರಾಗಲಿ ಎಂಬುದು ಅವರ ಲೆಕ್ಕ. ಬೀಗ ಮಾಡಿದವರೇ ಕೀಲಿಯನ್ನೂ ತಮ್ಮವರ ಕೈಗೆ ಕೊಟ್ಟು ಕಳುಹಿಸಿದ್ದಾರೆ. ಆದ್ದರಿಂದ ಹೊರಲೋಕದಿಂದ ಒಬ್ಬ ತಾಯಿ ಬರುತ್ತಾಳೆ, ಅವಳ ಮಗ ನಿಮ್ಮನ್ನು ಬಿಡುಗಡೆಯತ್ತ ನಡೆಸುತ್ತಾನೆ ಎಂಬ ಫ್ರೆಮೆನ್ನರ ನಂಬಿಕೆಯ ಮೂಲದಲ್ಲಿ ದೈವದರ್ಶನವೇನೂ ಇಲ್ಲ. ಅಲ್ಲಿರುವುದು ಒಂದು ಸಂಸ್ಥೆಯ ಮುಂಜಾಗ್ರತೆ.

ಆದರೆ ಅದು ನಿಜವಾಗುತ್ತಾ ಹೋಗುವ ಬಗೆಯನ್ನು ಹರ್ಬರ್ಟ್ ಎಷ್ಟು ಹತ್ತಿರದಿಂದ ತೋರಿಸುತ್ತಾನೆಂಬುದಕ್ಕೆ ಶಡೌಟ್ ಮೇಪ್ಸ್ ಬರುವ ದೃಶ್ಯವನ್ನು ನೋಡಬೇಕು. ಅರಮನೆಯ ಕೆಲಸಕ್ಕೆ ಸೇರಿದ ಈ ಫ್ರೆಮೆನ್ ಮುದುಕಿ ಮರಳುಹುಳುವಿನ ಹಲ್ಲಿನಿಂದ ಮಾಡಿದ ಕ್ರಿಸ್‌ನೈಫ್ ಎಂಬ ಪವಿತ್ರ ಕತ್ತಿಯನ್ನು ಹೊರತೆಗೆದು, ಇದರ ಅರ್ಥ ಗೊತ್ತೇ ಎಂದು ಜೆಸ್ಸಿಕಾಳನ್ನು ಕೇಳುತ್ತಾಳೆ. ಉತ್ತರ ತಪ್ಪಿದರೆ ಅದೇ ಕತ್ತಿ ತನ್ನ ಕೊರಳಿಗೆ ಬರುತ್ತದೆ ಎಂಬುದು ಜೆಸ್ಸಿಕಾಳಿಗೆ ಗೊತ್ತಾಗುತ್ತದೆ. ತಾನು ಕಲಿತ ಹಳೆಯ ಭಾಷೆಯೊಂದರಲ್ಲಿ ಆ ಕತ್ತಿಗೆ ‘ಸಾವನ್ನು ಮಾಡುವುದು’ ಎಂಬ ಹೆಸರಿರುವುದು ನೆನಪಾಗಿ, ‘ಇದು ಮಾಡುವ...’ ಎಂದು ಆರಂಭಿಸುತ್ತಾಳೆ. ವಾಕ್ಯ ಮುಗಿಯುವ ಮೊದಲೇ ಮುದುಕಿ ದುಃಖವೋ ಹರ್ಷವೋ ಎಂದು ಹೇಳಲಾಗದ ದನಿಯಲ್ಲಿ ಚೀರುತ್ತಾಳೆ. ಫ್ರೆಮೆನ್ನರು ದೈವವೆಂದು ಕಾಣುವ ಬೃಹತ್ ಮರಳುಹುಳುವಿಗೆ ಅವರಿಟ್ಟ ಹೆಸರು ‘ಮಾಡುವವನು’ ಎಂದೇ. ಜೆಸ್ಸಿಕಾ ಹೇಳಹೊರಟದ್ದು ಒಂದು, ಮೇಪ್ಸ್ ಕೇಳಿಸಿಕೊಂಡದ್ದು ಇನ್ನೊಂದು. ಭವಿಷ್ಯವಾಣಿಯನ್ನು ಪೂರ್ಣಗೊಳಿಸಿದ್ದು ಕಾಯುತ್ತಿದ್ದ ಮುದುಕಿಯ ಕಿವಿ.

ಇದಕ್ಕೆ ಜೊತೆಯಾಗಿ ಕೈನ್ಸ್ ಎಂಬ ಗ್ರಹವಿಜ್ಞಾನಿಯ ಪ್ರಸಂಗವನ್ನೂ ಓದಬೇಕು. ದೇಹದ ತೇವವನ್ನು ಉಳಿಸುವ ಸ್ಟಿಲ್‌ಸೂಟ್ ಎಂಬ ಉಡುಪಿನ ಬೂಟುಗಳನ್ನು ಪೌಲ್, ಯಾರೂ ಹೇಳಿಕೊಡದಿದ್ದರೂ, ಮರುಭೂಮಿಯವರು ತೊಡುವ ರೀತಿಯಲ್ಲೇ ತೊಟ್ಟಿರುತ್ತಾನೆ. ಅದನ್ನು ಕಂಡ ಕೈನ್ಸ್‌ಗೆ, ಬರಲಿರುವವನು ನಿಮ್ಮ ರೀತಿನೀತಿಗಳನ್ನು ಅವುಗಳಲ್ಲೇ ಹುಟ್ಟಿದವನಂತೆ ಅರಿತಿರುತ್ತಾನೆ ಎಂಬ ಐತಿಹ್ಯ ನೆನಪಾಗುತ್ತದೆ. ಅವನು ವಿಜ್ಞಾನಿ, ನಂಬಲು ಅವನಿಗೆ ಮನಸ್ಸಿಲ್ಲ. ಆದರೂ ಆ ಕ್ಷಣದಿಂದ ಹುಡುಗನನ್ನು ನೋಡುವ ಅವನ ದೃಷ್ಟಿ ಬದಲಾಗುತ್ತದೆ.

ಹೀಗಾಗಿ ಈ ಭವಿಷ್ಯವಾಣಿ ಸುಳ್ಳೋ ನಿಜವೋ ಎಂಬುದಕ್ಕಿಂತ, ಅದು ಬಿತ್ತಿದ್ದೆಂದು ತಿಳಿದೂ ಬಳಸಿಕೊಂಡವರು ಯಾರು ಎಂಬ ಪ್ರಶ್ನೆ ನನಗೆ ಮುಖ್ಯವಾಗಿ ಕಾಣುತ್ತದೆ. ಕಾದಂಬರಿಯ ಅತ್ಯಂತ ಭಾರವಾದ ನೈತಿಕ ಹೊಣೆ ಜೆಸ್ಸಿಕಾಳ ಮೇಲಿದೆ ಎಂಬುದು ನನ್ನ ಅಭಿಪ್ರಾಯ. ಸಂಗಾತಿಯನ್ನು ಕಳೆದುಕೊಂಡು, ಹೊಟ್ಟೆಯಲ್ಲಿ ಮಗಳನ್ನೂ ಪಕ್ಕದಲ್ಲಿ ಮಗನನ್ನೂ ಇಟ್ಟುಕೊಂಡು ಮರಳಿನಲ್ಲಿ ದಾರಿತಪ್ಪಿ ನಿಂತ ಹೆಂಗಸು, ಪ್ರಾಣ ಉಳಿಸಿಕೊಳ್ಳಲು ಕೈಗೆ ಸಿಕ್ಕ ಒಂದೇ ಉಪಾಯವನ್ನು ಬಳಸಿದಳೆಂದು ಅವಳನ್ನು ದೂರಲಾರೆ. ಆದರೆ ಆಪತ್ತು ಕಳೆದು, ಫ್ರೆಮೆನ್ನರ ಧರ್ಮಮಾತೆಯ ಪೀಠದಲ್ಲಿ ಕುಳಿತ ಮೇಲೂ ಅವಳು ಅದನ್ನು ಕೈಬಿಡಲಿಲ್ಲ. ತನಗೆ ಆಶ್ರಯ ಕೊಟ್ಟ ಜನಕ್ಕೆ ಈ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ಅವಳು ಹೇಳಲೇ ಇಲ್ಲ.

ಪ್ರಶ್ನೆ: ಪೌಲ್‌ಗೆ ಭವಿಷ್ಯ ನಿಜವಾಗಿಯೂ ಕಾಣುತ್ತದೆಯೇ, ಅಥವಾ ಅದೂ ನಾಟಕವೇ? ಕಾಣುವುದಾದರೆ ಅನಾಹುತವನ್ನು ಅವನೇಕೆ ತಡೆಯಲಿಲ್ಲ? (ಹುಬ್ಬಳ್ಳಿಯ ಓದುಗರು)

ನಿಜವಾಗಿಯೂ ಕಾಣುತ್ತದೆ. ಬೆನೆ ಗೆಸೆರಿಟ್ ಸಂಘ ತೊಂಬತ್ತು ತಲೆಮಾರುಗಳ ಕಾಲ ರಾಜಮನೆತನಗಳ ರಕ್ತಸಂಬಂಧಗಳನ್ನು ಗುಟ್ಟಾಗಿ ಹೊಂದಿಸುತ್ತಾ, ಕ್ವಿಸಾಟ್ಸ್ ಹಾಡೆರಾಕ್ ಎಂಬ ಸರ್ವದರ್ಶಿ ಪುರುಷನನ್ನು ಹುಟ್ಟಿಸಲು ಶ್ರಮಿಸಿದೆ. ಜೆಸ್ಸಿಕಾಳಿಗೆ ಸಂಘ ಕೊಟ್ಟ ಆಜ್ಞೆ ಮಗಳನ್ನು ಹೆರಬೇಕೆಂಬುದಾಗಿತ್ತು. ಆಕೆ ದೊರೆಯ ಮೇಲಿನ ಪ್ರೀತಿಯಿಂದ ಮಗನನ್ನು ಹೆತ್ತಳು. ಹೀಗೆ ಸಂಘದ ಎಣಿಕೆಗಿಂತ ಒಂದು ತಲೆಮಾರು ಮೊದಲೇ, ಸಂಘದ ಹತೋಟಿಯ ಹೊರಗೆ, ಪೌಲ್ ಬಂದುಬಿಟ್ಟ. ಪರರ ನಂಬಿಕೆಯನ್ನು ತಣ್ಣಗೆ ಉಪಕರಣವಾಗಿಸಿಕೊಂಡ ಆ ಹೆಂಗಸರು ತಾವೂ ಒಬ್ಬ ಉದ್ಧಾರಕನಿಗಾಗಿ ಕಾಯುತ್ತಿದ್ದರು ಎಂಬುದನ್ನು ಬಹಳ ಓದುಗರು ಗಮನಿಸುವುದಿಲ್ಲ.

ಮರುಭೂಮಿಯ ಗಾಳಿಯಲ್ಲೂ ಊಟದಲ್ಲೂ ಬೆರೆತ ಮಸಾಲೆಯಿಂದ ಪೌಲ್‌ನ ಒಳಗಣ್ಣು ತೆರೆಯುತ್ತದೆ. ತಂದೆ ಸತ್ತ ರಾತ್ರಿ, ಮರಳಿನಡಿ ಹೂತ ಡೇರೆಯೊಳಗೆ ತಾಯಿಯ ಪಕ್ಕದಲ್ಲಿ ಕುಳಿತು, ಅವನು ತನ್ನ ಹೆಸರನ್ನು ಕೂಗುತ್ತಾ ಲೋಕಗಳನ್ನು ಸುಡುತ್ತಾ ಸಾಗುವ ಸೈನ್ಯಗಳನ್ನು ಕಾಣುತ್ತಾನೆ. ಆದರೆ ಹರ್ಬರ್ಟ್ ಕಲ್ಪಿಸಿದ ದರ್ಶನದಲ್ಲಿ ಕಾಣುವುದು ಒಂದೇ ಭವಿಷ್ಯವಲ್ಲ. ಕವಲುಗಳು ಕಾಣುತ್ತವೆ, ಕೆಲವು ಮಸುಕಾಗಿರುತ್ತವೆ, ನೋಡುವವನ ಒಂದೊಂದು ನಿರ್ಧಾರದಿಂದಲೂ ಉಳಿದ ದಾರಿಗಳು ಮುಚ್ಚುತ್ತಾ ಬರುತ್ತವೆ. ತಡೆಯಬಲ್ಲ ಕ್ಷಣಗಳು ಪೌಲ್‌ಗೆ ಇದ್ದವು. ಒಂದೊಂದರಲ್ಲೂ ತಾನು, ತನ್ನ ತಾಯಿ, ತನ್ನ ಸೇಡು ಉಳಿಯಬೇಕು ಎಂಬ ಆಯ್ಕೆಯನ್ನೇ ಅವನು ಮಾಡಿದ. ಕೊನೆಗೆ ತಾನು ಸತ್ತರೂ ತನ್ನ ಹೆಸರಿನಲ್ಲಿ ಯುದ್ಧ ನಡೆದೇ ತೀರುತ್ತದೆ ಎಂಬ ಹಂತ ತಲುಪಿತು. ನಂಬಿಕೆ ಆ ಹೊತ್ತಿಗೆ ಅವನ ಕೈ ಮೀರಿತ್ತು.

1969ರಲ್ಲಿ ಬಂದ ಎರಡನೆಯ ಭಾಗ ‘ಡ್ಯೂನ್ ಮೆಸಾಯ’ದಲ್ಲಿ ಇದರ ಫಲವಿದೆ. ಚಕ್ರವರ್ತಿಯಾಗಿ ಹನ್ನೆರಡು ವರ್ಷ ಕಳೆದ ಪೌಲ್, ತನ್ನ ಜೆಹಾದಿನಲ್ಲಿ 6,100 ಕೋಟಿ ಜನ ಸತ್ತರು, 90 ಗ್ರಹಗಳು ಜೀವವಿಲ್ಲದಂತಾದವು, 40 ಧರ್ಮಗಳ ಅನುಯಾಯಿಗಳು ಅಳಿದರು ಎಂದು ತಾನೇ ಲೆಕ್ಕ ಒಪ್ಪಿಸುತ್ತಾನೆ. ಅದೇ ಭಾಗದಲ್ಲಿ ಒಂದು ಅಸ್ತ್ರದಿಂದ ಅವನ ಕಣ್ಣುಗಳು ಹೋಗುತ್ತವೆ. ಆದರೂ ತಾನು ಮೊದಲೇ ಕಂಡಿದ್ದ ದರ್ಶನದ ಪ್ರಕಾರ ಹೆಜ್ಜೆಯಿಟ್ಟು, ಮಾತಾಡಿ, ಕಣ್ಣುಳ್ಳವನಂತೆಯೇ ಬಾಳುತ್ತಾನೆ. ದರ್ಶನದಿಂದ ಒಂದು ಹೆಜ್ಜೆ ಆಚೆ ಇಟ್ಟರೂ ಕತ್ತಲು. ಭವಿಷ್ಯ ಬಲ್ಲವನು ಸ್ವತಂತ್ರನಲ್ಲ ಎಂಬುದನ್ನು ಇದಕ್ಕಿಂತ ನಿಷ್ಠುರವಾಗಿ ತೋರಿಸಿದ ಪ್ರಸಂಗ ನನ್ನ ಓದಿನಲ್ಲಿ ಇನ್ನೊಂದಿಲ್ಲ. ಅವನ ಫ್ರೆಮೆನ್ ಸಂಗಾತಿ ಚಾನಿ ಅವಳಿಗಳನ್ನು ಹೆತ್ತು ಸಾಯುತ್ತಾಳೆ. ಅವನು ಕಂಡಿದ್ದುದು ಹೆಣ್ಣುಮಗುವನ್ನು ಮಾತ್ರ. ಕಾಣದಿದ್ದ ಗಂಡುಮಗು ಹುಟ್ಟಿದ ಗಳಿಗೆಯಲ್ಲೇ ಅವನ ದರ್ಶನ ಮುಗಿದು, ಅವನು ನಿಜವಾಗಿ ಕುರುಡನಾಗುತ್ತಾನೆ. ಕುರುಡರನ್ನು ಮರುಭೂಮಿಗೆ ಬಿಡುವ ಫ್ರೆಮೆನ್ ಪದ್ಧತಿಯಂತೆ ಆಮೇಲೆ ಒಬ್ಬನೇ ಮರಳಿಗೆ ನಡೆದು ಹೋಗುತ್ತಾನೆ.

ಪ್ರಶ್ನೆ: ಫ್ರೆಮೆನ್ನರಿಗೆ ತಮ್ಮದೇ ಎನ್ನುವ ಧರ್ಮವೇ ಇಲ್ಲವೇ? ಎಲ್ಲವೂ ಹೊರಗಿನಿಂದ ತುರುಕಿದ್ದೇ? (ಮೈಸೂರಿನ ನಿವೃತ್ತ ಅಧ್ಯಾಪಕರು)

ಖಂಡಿತ ಇದೆ, ಮತ್ತು ಅದು ಬಿತ್ತಿದ ಐತಿಹ್ಯಕ್ಕಿಂತ ಆಳವಾದದ್ದು. ಅವರು ಗ್ರಹದಿಂದ ಗ್ರಹಕ್ಕೆ ಅಟ್ಟಿಸಿಕೊಂಡು ಬಂದ ಝೆನ್‌ಸುನ್ನಿ ಎಂಬ ಪಂಥದ ಅಲೆಮಾರಿಗಳ ಸಂತತಿ. ಆ ಅಲೆದಾಟದ ನೋವು ಅವರ ಪ್ರಾರ್ಥನೆಗಳಲ್ಲಿದೆ. ಆದರೆ ಅವರ ದಿನನಿತ್ಯದ ಧರ್ಮ ನೀರು. ಸತ್ತವನ ಮಾಂಸ ಅವನದು, ನೀರು ಬಳಗದ್ದು ಎಂಬುದು ಅವರ ಕಟ್ಟಳೆ. ಪೌಲ್‌ನೊಡನೆ ದ್ವಂದ್ವಯುದ್ಧ ಮಾಡಿ ಸತ್ತ ಜಾಮಿಸ್‌ನ ಶವದಿಂದ 33 ಲೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನು ಹಿಂಡಿ ತೆಗೆದು, ಹನಿಯ ಲೆಕ್ಕವಿಟ್ಟು, ಬಳಗದ ತೊಟ್ಟಿಗೆ ಸೇರಿಸುತ್ತಾರೆ. ಅದಕ್ಕೂ ಮೊದಲು ಸತ್ತವನ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಎದ್ದು ಮಾತಾಡುವಾಗ ಪೌಲ್ ಕೂಡ ನಿಲ್ಲುತ್ತಾನೆ, ತಾನು ಜಾಮಿಸ್‌ನ ಗೆಳೆಯನೆನ್ನುತ್ತಾನೆ, ಅವನ ಕಣ್ಣಲ್ಲಿ ನೀರು ಬರುತ್ತದೆ. ಸತ್ತವನಿಗೆ ಇವನು ತೇವ ಕೊಡುತ್ತಿದ್ದಾನೆ ಎಂದು ಗುಹೆಯಲ್ಲಿ ಪಿಸುಮಾತು ಹರಡುತ್ತದೆ. ಯಾರದೋ ಬೆರಳು ಅವನ ಒದ್ದೆ ಕೆನ್ನೆಯನ್ನು ಮುಟ್ಟಿ ನೋಡುತ್ತದೆ. ಮಿಷನೇರಿಯಾ ಕಲಿಸಿದ ಯಾವ ಮಂತ್ರವೂ ಇಲ್ಲಿಲ್ಲ. ಫ್ರೆಮೆನ್ನರು ಪೌಲ್‌ನನ್ನು ತಮ್ಮವನೆಂದು ಮೊದಲು ಬಗೆದದ್ದು ಆ ಕಣ್ಣೀರಿನಿಂದ ಎಂದು ನನಗನ್ನಿಸುತ್ತದೆ.

ಇನ್ನೊಂದು ಸಂಗತಿಯನ್ನು ಕಾದಂಬರಿಯ ಅನುಬಂಧದಲ್ಲಿ ಓದಬೇಕು. ಮೇಲೆ ಹೇಳಿದ ಕೈನ್ಸ್‌ನ ತಂದೆ ಪಾರ್ಡಟ್ ಕೈನ್ಸ್ ಅರಾಕಿಸ್ಸನ್ನು ಹಸಿರಾಗಿಸುವ ಯೋಜನೆ ಹಾಕಿದವನು. ಮುನ್ನೂರರಿಂದ ಐನೂರು ವರ್ಷ ಬೇಕಾಗಬಹುದು ಎಂಬುದು ಅವನ ಅಂದಾಜು. ಹೊರಗಿನವನೊಬ್ಬನಿಗೆ ತಮ್ಮ ಗುಟ್ಟು ತಿಳಿಯಿತೆಂದು ಫ್ರೆಮೆನ್ನರು ಊಲಿಯೆಟ್ ಎಂಬವನನ್ನು ಅವನನ್ನು ಕೊಲ್ಲಲು ಕಳುಹಿಸುತ್ತಾರೆ. ಪವಿತ್ರ ಕತ್ತಿ ಹಿಡಿದು ಎದುರು ನಿಂತವನಿಗೆ, ಗಾಳಿಯಿಂದ ತೇವ ಹಿಡಿಯುವ ಯಂತ್ರಗಳ ಬಗ್ಗೆ ಮಾತಾಡುವುದರಲ್ಲಿ ಮುಳುಗಿದ್ದ ಕೈನ್ಸ್ ‘ಆಚೆ ಸರಿ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಊಲಿಯೆಟ್ ಮೂರು ಹೆಜ್ಜೆ ನಡೆದು ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ನೋಡಿದ ಜನಕ್ಕೆ ಅದು ದೈವಸಂಕೇತವಾಯಿತು. ಅಂದಿನಿಂದ ಗಿಡ ನೆಡುವುದು, ನೀರು ಕೂಡಿಡುವುದು ವ್ರತದ ಸ್ವರೂಪ ಪಡೆಯಿತು. ಬೆನೆ ಗೆಸೆರಿಟ್ ಮಾತ್ರವಲ್ಲ, ಲೆಕ್ಕಾಚಾರದ ವಿಜ್ಞಾನಿಯೂ ಈ ನೆಲದಲ್ಲಿ ಪ್ರವಾದಿಯಾದ. ಮಗ ಕೈನ್ಸ್ ಮರುಭೂಮಿಯಲ್ಲಿ ಸಾಯುವಾಗ, ಭ್ರಮೆಯಲ್ಲಿ ಅವನಿಗೆ ತಂದೆಯ ದನಿ ಕೇಳುತ್ತದೆ: ನಿನ್ನ ಜನಕ್ಕೆ ಒಬ್ಬ ವೀರಪುರುಷನ ಕೈಗೆ ಸಿಲುಕುವುದಕ್ಕಿಂತ ಘೋರವಾದ ವಿಪತ್ತು ಇನ್ನೊಂದಿಲ್ಲ ಎಂಬುದು ಅದರ ಸಾರ. ಇಡೀ ಕಾದಂಬರಿ ಈ ಮಾತಿನ ಮೇಲೆ ನಿಂತಿದೆ.

ಪ್ರಶ್ನೆ: ಮಹ್ದಿ, ಜೆಹಾದ್ ಮುಂತಾದ ಪದಗಳನ್ನು ಲೇಖಕ ಬಳಸಿದ್ದೇಕೆ? (ಕಲಬುರಗಿಯ ಓದುಗರು)

ಕಲ್ಪಿತ ಲೋಕಕ್ಕೆ ನಿಜ ಚರಿತ್ರೆಯ ತೂಕ ಬರಲಿ ಎಂಬುದು ಕಾರಣವೆಂದು ತೋರುತ್ತದೆ. ಸುಡಾನಿನಲ್ಲಿ ಮುಹಮ್ಮದ್ ಅಹ್ಮದ್ 1881ರಲ್ಲಿ ತಾನೇ ಮಹ್ದಿ ಎಂದು ಘೋಷಿಸಿಕೊಂಡು, 1885ರಲ್ಲಿ ಖಾರ್ತೂಮ್ ನಗರವನ್ನು ಗೆದ್ದದ್ದು ಇತಿಹಾಸ. ಕಾಕಸಸ್ ಪರ್ವತಗಳಲ್ಲಿ ಇಮಾಮ್ ಶಾಮಿಲ್ ರಷ್ಯಾದ ವಿರುದ್ಧ ದಶಕಗಳ ಕಾಲ ಕಾದಾಡಿದ್ದನ್ನು ಕುರಿತ ಲೆಸ್ಲಿ ಬ್ಲಾಂಚ್ ಅವರ 1960ರ ಗ್ರಂಥದಿಂದ ಹರ್ಬರ್ಟ್ ಪದಗಳನ್ನೂ ಸಂಗತಿಗಳನ್ನೂ ನೇರವಾಗಿ ಪಡೆದಿದ್ದಾನೆ. ಒಂದು ಜನಾಂಗದ ಜೀವಂತ ಧರ್ಮದ ಪದಗಳನ್ನು ಯುದ್ಧೋನ್ಮಾದದ ಚಿತ್ರಕ್ಕೆ ಬಳಸಿಕೊಂಡನೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅವನ ದೂರದ ಭವಿಷ್ಯದಲ್ಲಿ ಯಾವ ಧರ್ಮವೂ ಇಂದಿನ ರೂಪದಲ್ಲಿ ಉಳಿದಿಲ್ಲ, ಎಲ್ಲವೂ ಬೆರೆತಿವೆ ಎಂಬುದನ್ನೂ ಗಮನಿಸಬೇಕು. ಯೋಚಿಸುವ ಯಂತ್ರಗಳ ವಿರುದ್ಧ ನಡೆದ ಮಹಾದಂಗೆಯ ನಂತರ, ಪ್ರಮುಖ ಮತಗಳ ಪ್ರತಿನಿಧಿಗಳು ಹಳೆಯ ಭೂಮಿಯ ಒಂದು ದ್ವೀಪದಲ್ಲಿ ಸೇರುತ್ತಾರೆ. ಏಕೈಕ ದಿವ್ಯವಾಣಿ ತಮ್ಮಲ್ಲೇ ಇದೆ ಎಂಬ ವಾದವನ್ನು ಮತಗಳ ಕೈಯಿಂದ ಕಿತ್ತುಕೊಳ್ಳುವುದು ಅವರ ಗುರಿ. ಏಳು ವರ್ಷ ಕುಳಿತು ಆರೆಂಜ್ ಕ್ಯಾಥೊಲಿಕ್ ಬೈಬಲ್ ಎಂಬ ಸಮನ್ವಯ ಗ್ರಂಥವನ್ನು ರಚಿಸುತ್ತಾರೆ. ಫಲವಾಗಿ ಬಂದದ್ದು ಗಲಭೆ. ಹಲವು ಪ್ರತಿನಿಧಿಗಳು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಹದಿನಾಲ್ಕು ಮಂದಿ ಮಾತ್ರ ಕೊನೆಯವರೆಗೂ ಹಿಂತೆಗೆಯಲಿಲ್ಲ.

ಪ್ರಶ್ನೆ: ನಮ್ಮ ಮೈಲಾರದ ಕಾರ್ಣಿಕಕ್ಕೂ ಇದಕ್ಕೂ ಹೋಲಿಕೆಯಿದೆಯೇ? (ಹೂವಿನಹಡಗಲಿಯ ಓದುಗರು)

ಒಂದು ಜೀವಂತ ಆಚರಣೆ, ಇನ್ನೊಂದು ಒಬ್ಬ ಲೇಖಕನ ಕಲ್ಪನೆ. ಹೋಲಿಸುವಾಗ ಎಚ್ಚರ ಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಜನಸ್ತೋಮವನ್ನು ಮೌನವಾಗಿಸಿ ನುಡಿಯುವುದು ಒಂದೇ ಒಂದು ಸಣ್ಣ ಮಾತು. ಮಳೆಗೋ ಬೆಳೆಗೋ ರಾಜಕೀಯಕ್ಕೋ ಅದನ್ನು ಅನ್ವಯಿಸಿಕೊಳ್ಳುವುದು ಕೇಳಿದವರಿಗೆ ಬಿಟ್ಟದ್ದು. ಅದು ಯಾವ ವ್ಯಕ್ತಿಗೂ ಪಟ್ಟ ಕಟ್ಟುವುದಿಲ್ಲ. ಅರಾಕಿಸ್‌ನ ಐತಿಹ್ಯವಾದರೋ ಒಬ್ಬಳು ತಾಯಿ, ಒಬ್ಬ ಮಗ ಎಂದು ಬರುವವರ ಗುರುತನ್ನೇ ಮೊದಲು ಬರೆದಿಟ್ಟಿದೆ. ಕೇಳುಗರ ಕಿವಿ ಅರ್ಥವನ್ನು ಪೂರೈಸುತ್ತದೆ ಎಂಬ ಮಟ್ಟಿಗೆ ಮಾತ್ರ ಎರಡಕ್ಕೂ ಸಾಮ್ಯವಿದೆ.

ಪ್ರಶ್ನೆ: ಟೋಲ್ಕಿನ್ ಲೋಕದ ಭವಿಷ್ಯವಾಣಿಗಳೂ ಹೀಗೆಯೇ ಬಿತ್ತಿದವುಗಳೇ? (ದುಬೈನಲ್ಲಿರುವ ಕನ್ನಡಿಗರು)

ಅಲ್ಲ. ಜೆ. ಆರ್. ಆರ್. ಟೋಲ್ಕಿನ್ ತನ್ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂಲತಃ ಒಂದು ಧಾರ್ಮಿಕ, ಕ್ಯಾಥೊಲಿಕ್ ಕೃತಿ ಎಂದು 1953ರಲ್ಲಿ ಪಾದ್ರಿ ಗೆಳೆಯರೊಬ್ಬರಿಗೆ ಬರೆದಿದ್ದ. ಕಥೆಯಲ್ಲಿ ಗುಡಿಯಿಲ್ಲ, ಪೂಜೆಯಿಲ್ಲ. ಧರ್ಮಭಾವ ಕಥೆಯ ನಡೆಯಲ್ಲೇ ಅಡಗಿದೆ. ಅಲ್ಲಿ ಭವಿಷ್ಯ ನುಡಿಯುವವರಿಗೆ ಅದರಿಂದ ಸ್ವಂತ ಲಾಭವಿಲ್ಲ. ಶತ್ರುಪಕ್ಷದ ಮಾಟಗಾರ ರಾಜನು ಪುರುಷನ ಕೈಯಿಂದ ಬೀಳುವವನಲ್ಲ ಎಂದು ಎಲ್ಫ್ ಎಂಬ ಅಮರ ಕುಲದ ಗ್ಲೋರ್‌ಫಿಂಡೆಲ್ ನುಡಿದು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, ವೇಷ ಮರೆಸಿಕೊಂಡು ರಣರಂಗಕ್ಕೆ ಬಂದ ಎಯೋವಿನ್ ಎಂಬ ಹೆಣ್ಣು, ಹಾಬಿಟ್ ಎಂಬ ಕುಳ್ಳ ಜನರಲ್ಲೊಬ್ಬನಾದ ಮೆರ್ರಿಯ ನೆರವಿನಿಂದ ಆ ರಾಜನನ್ನು ಕೊಲ್ಲುತ್ತಾಳೆ. ಮಹಿಷಾಸುರನ ಕಥೆ ಕೇಳಿ ಬೆಳೆದ ನಮಗೆ ಈ ತಿರುವು ಹೊಸದಲ್ಲ: ಹೆಣ್ಣನ್ನು ಲೆಕ್ಕಕ್ಕೇ ತೆಗೆದುಕೊಳ್ಳದವನು ಹೆಣ್ಣಿನಿಂದಲೇ ಸಾಯುತ್ತಾನೆ.

ಪ್ರಶ್ನೆ: ಚಲನಚಿತ್ರಗಳಲ್ಲಿ ಯಾವುದು ಕಾದಂಬರಿಯ ಧರ್ಮಚಿಂತನೆಗೆ ಹತ್ತಿರ? (ಬೆಂಗಳೂರಿನ ಓದುಗರು)

ಡೆನಿ ವಿಲ್ನವ್ 2021 ಮತ್ತು 2024ರಲ್ಲಿ ಮಾಡಿದ ಎರಡು ಭಾಗಗಳು. ಅವುಗಳಲ್ಲಿ ಕಾದಂಬರಿಯಿಂದ ಬೇರೆಯಾದ ಅಂಶಗಳಿವೆ. ಪುಸ್ತಕದ ಚಾನಿ ಪೌಲ್‌ನ ಪಕ್ಕದಲ್ಲಿ ಉಳಿಯುತ್ತಾಳೆ; 2024ರ ಚಿತ್ರದ ಚಾನಿ ಈ ಭವಿಷ್ಯವಾಣಿ ತನ್ನ ಜನರನ್ನು ಗುಲಾಮರನ್ನಾಗಿಸುವ ಉಪಾಯವೆಂದು ಮುಖಕ್ಕೆ ಹೇಳಿ, ಕೊನೆಯಲ್ಲಿ ಅವನಿಗೆ ತಲೆಬಾಗದೆ ಹೊರಟುಹೋಗುತ್ತಾಳೆ. ಈ ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಮೊದಲ ಕಾದಂಬರಿಯಲ್ಲಿ ಸೂಚನೆಗಳಾಗಿ ಚದುರಿದ್ದ ಸಂಶಯಕ್ಕೆ ಅಲ್ಲೊಂದು ಮುಖ ಸಿಕ್ಕಿದೆ, ಅದೂ ಫ್ರೆಮೆನ್ ಹೆಣ್ಣೊಬ್ಬಳ ಮುಖ. ಡೇವಿಡ್ ಲಿಂಚ್‌ನ 1984ರ ಚಿತ್ರವಾದರೋ ಪೌಲ್‌ನನ್ನು ನಿಜವಾದ ದೇವಪುರುಷನನ್ನಾಗಿಸಿ, ಅವನ ಸಂಕಲ್ಪದಿಂದ ಅರಾಕಿಸ್‌ನಲ್ಲಿ ಮಳೆ ಸುರಿಸಿ ಮುಗಿಯುತ್ತದೆ. ಹರ್ಬರ್ಟ್ ಕಟ್ಟಿದ ಲೋಕದಲ್ಲಿ ನೀರು ಮರಳುಹುಳುಗಳಿಗೆ ವಿಷ, ಹುಳುಗಳಿಲ್ಲದೆ ಮಸಾಲೆಯಿಲ್ಲ. ಆ ಮಳೆ ನಿಜವಾಗಿಯೂ ಬಿದ್ದಿದ್ದರೆ ಫ್ರೆಮೆನ್ನರ ದೈವವೇ ಸಾಯುತ್ತಿತ್ತು, ಮತ್ತು ಆ ವಿಪತ್ತಿನ ಕಥೆಯನ್ನು ಹರ್ಬರ್ಟ್ ಮುಂದಿನ ಭಾಗಗಳಲ್ಲಿ ಬೇರೆಯಾಗಿಯೇ ಬರೆದಿದ್ದಾನೆ.